ನಿಮ್ಮ ತೋಟದ ತಳಿಗೆ ಕಾನೂನಿನ ರಕ್ಷಣೆ: ಕಾಸರಗೋಡಿನ ಕೃಷಿಕರಿಗಾಗಿ ತಳಿ ನೋಂದಣಿಯ ಸಮಗ್ರ ಮಾರ್ಗದರ್ಶಿ

ಮಂಜೇಶ್ವರ ಮತ್ತು ಕಾಸರಗೋಡು ತಾಲೂಕುಗಳ ತೋಟಗಳಲ್ಲಿ ಅಡ್ಡಾಡಿದರೆ ಒಂದಲ್ಲ ಒಂದು ಮನೆಯವರು ತಮ್ಮದೇ ಆದ ಒಂದು ಮೆಣಸಿನ ಬಳ್ಳಿಯನ್ನೋ, ಮಳೆಗಾಲದಲ್ಲೂ ಸಪ್ಪೆಯಾಗದ ಒಂದು ಹಲಸಿನ ಮರವನ್ನೋ, ಅಜ್ಜನ ಕಾಲದಿಂದ ಕೈಬಿಡದೆ ಬಿತ್ತುತ್ತ ಬಂದ ಒಂದು ಭತ್ತವನ್ನೋ ತೋರಿಸುತ್ತಾರೆ. ಅದರ ಬೀಜವನ್ನು ಅಥವಾ ಕಸಿಗೆ ಬೇಕಾದ ಕಡ್ಡಿಯನ್ನು ಕೇಳಿದವರಿಗೆ ಕೊಡುವುದು ನಮ್ಮಲ್ಲಿ ವಾಡಿಕೆ. ಹಾಗೆ ಕೊಟ್ಟದ್ದು ಕೆಲವು ವರ್ಷಗಳಲ್ಲಿ ಬೇರೊಂದು ಹೆಸರು ಹೊತ್ತು ನರ್ಸರಿಯಲ್ಲಿ ಮಾರಾಟಕ್ಕೆ ಬಂದಾಗ, ಅದು ತಮ್ಮ ತೋಟದ್ದೆಂದು ಹೇಳಲು ಮೂಲ ಮನೆಯವರ ಬಳಿ ಯಾವ ಆಧಾರವೂ ಇರುವುದಿಲ್ಲ. ಈ ಆಧಾರವನ್ನು ಕಟ್ಟಿಕೊಳ್ಳುವ ಬಗೆ ಹೇಗೆ, ಅರ್ಜಿ ಹಾಕುವುದು ಎಲ್ಲಿ, ಹಾಕಿದ ಮೇಲೆ ಏನೇನು ನಡೆಯುತ್ತದೆ, ಪ್ರಮಾಣಪತ್ರ ಸಿಕ್ಕರೆ ಯಾವುದನ್ನು ತಡೆಯಬಹುದು, ಯಾವುದನ್ನು ತಡೆಯಲಾಗದು ಎಂಬುದನ್ನು ಕ್ರಮವಾಗಿ ವಿವರಿಸುವುದು ಈ ಬರಹದ ಉದ್ದೇಶ.

ಕಾನೂನಿನ ಹಿನ್ನೆಲೆ

ಭಾರತದಲ್ಲಿ ಸಸ್ಯ ತಳಿಗೆ ಪೇಟೆಂಟ್ ಸಿಗುವುದಿಲ್ಲ. ಪೇಟೆಂಟ್ ಕಾಯ್ದೆಯ 3(ಜೆ) ಕಲಂ ಸಸ್ಯಗಳನ್ನು, ಬೀಜಗಳನ್ನು ಮತ್ತು ತಳಿಗಳನ್ನು ಸ್ಪಷ್ಟವಾಗಿ ಹೊರಗಿಟ್ಟಿದೆ. ಆದರೆ ವಿಶ್ವ ವ್ಯಾಪಾರ ಸಂಘಟನೆಯ, ಬೌದ್ಧಿಕ ಆಸ್ತಿಯ ಕುರಿತಾದ ಟ್ರಿಪ್ಸ್ ಒಪ್ಪಂದದ 27.3(ಬಿ) ವಿಧಿಯ ಪ್ರಕಾರ ಸದಸ್ಯ ದೇಶಗಳು ತಳಿಗಳಿಗೆ ಪೇಟೆಂಟನ್ನಾದರೂ ಕೊಡಬೇಕು, ಇಲ್ಲವೇ ಪರಿಣಾಮಕಾರಿಯಾದ ಬೇರೊಂದು ವ್ಯವಸ್ಥೆಯನ್ನಾದರೂ ರೂಪಿಸಬೇಕು. ಭಾರತ ಎರಡನೆಯ ದಾರಿಯನ್ನು ಆರಿಸಿಕೊಂಡು 2001ರಲ್ಲಿ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯನ್ನು ತಂದಿತು. ಅದನ್ನು ಜಾರಿಗೊಳಿಸುವ ಪ್ರಾಧಿಕಾರ 2005ರ ನವೆಂಬರ್ 11ರಂದು ದೆಹಲಿಯಲ್ಲಿ ಸ್ಥಾಪನೆಯಾಯಿತು. 2007ರಿಂದ ಅರ್ಜಿಗಳ ಸ್ವೀಕಾರ ಆರಂಭವಾಯಿತು. ತಳಿ ಸಂವರ್ಧಕರ, ಅಂದರೆ ಹೊಸ ತಳಿ ರೂಪಿಸುವವರ, ಹಕ್ಕಿಗಾಗಿ ಶ್ರೀಮಂತ ದೇಶಗಳು ಅನುಸರಿಸುವ ಯುಪೋವ್ ಎಂಬ ಅಂತರರಾಷ್ಟ್ರೀಯ ಒಡಂಬಡಿಕೆಗೆ ಭಾರತ ಸೇರಿಲ್ಲ. ತಳಿ ಸಂವರ್ಧಕರಿಗೆ ಹಕ್ಕು ಕೊಡುವ ಅದೇ ಕಾಯ್ದೆಯಲ್ಲಿ ರೈತರ ಹಕ್ಕುಗಳಿಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿರುವುದು ನಮ್ಮ ಕಾನೂನಿನ ವಿಶೇಷ. ಕಾಸರಗೋಡಿನ ಸಣ್ಣ ಹಿಡುವಳಿದಾರನಿಗೆ ನಿಜವಾಗಿ ಉಪಯೋಗಕ್ಕೆ ಬರುವುದೂ ಆ ಅಧ್ಯಾಯವೇ.

ಮೊದಲ ಹಂತ: ಯಾವ ವರ್ಗದಲ್ಲಿ ಅರ್ಜಿ ಹಾಕಬೇಕೆಂದು ತೀರ್ಮಾನಿಸುವುದು

ಕಾಯ್ದೆಯಲ್ಲಿ ಮುಖ್ಯವಾಗಿ ಹೊಸ ತಳಿ, ಚಾಲ್ತಿಯಲ್ಲಿರುವ ತಳಿ, ರೈತರ ತಳಿ ಮತ್ತು ಮತ್ತೊಂದು ತಳಿಯ ಮುಖ್ಯ ಗುಣಗಳನ್ನು ಹೊತ್ತು ಅದರಿಂದಲೇ ರೂಪುಗೊಂಡ ತಳಿ ಎಂಬ ವರ್ಗಗಳಿವೆ. ಸಾಮಾನ್ಯ ಕೃಷಿಕನ ಮುಂದೆ ಬರುವ ಪ್ರಶ್ನೆ ಹೊಸ ತಳಿಯೋ ರೈತರ ತಳಿಯೋ ಎಂಬುದಷ್ಟೇ. ಈ ತೀರ್ಮಾನದಲ್ಲಿ ಎಡವಿದರೆ ಮುಂದಿನ ಕೆಲಸವೆಲ್ಲ ವ್ಯರ್ಥವಾಗುವ ಸಂಭವ ಇರುವುದರಿಂದ ಇದನ್ನು ತುಸು ವಿವರವಾಗಿ ನೋಡಬೇಕು.

ಹೊಸ ತಳಿಯೆಂದು ನೋಂದಾಯಿಸಬೇಕಾದರೆ ನಾಲ್ಕು ಗುಣಗಳನ್ನು ತೋರಿಸಬೇಕು. ಹೊಸತನ, ಭಿನ್ನತೆ, ಏಕರೂಪತೆ ಮತ್ತು ಸ್ಥಿರತೆ. ಇವುಗಳಲ್ಲಿ ಹೊಸತನ ಎಂಬುದು ವ್ಯಾಪಾರಕ್ಕೆ ಸಂಬಂಧಿಸಿದ ಅಳತೆ. ತಳಿಯ ಬೀಜವನ್ನಾಗಲಿ, ಗಿಡವನ್ನಾಗಲಿ, ಕೊಯ್ದ ಫಸಲನ್ನಾಗಲಿ ಸಂವರ್ಧಕನೇ ಅಥವಾ ಅವನ ಒಪ್ಪಿಗೆಯಿಂದ ಬೇರೆಯವರು ವಾಣಿಜ್ಯ ಬಳಕೆಗಾಗಿ ಭಾರತದಲ್ಲಿ ಮಾರಲು ತೊಡಗಿ ಅರ್ಜಿಯ ದಿನಕ್ಕೆ ಒಂದು ವರ್ಷಕ್ಕಿಂತ ಹೆಚ್ಚಾಗಿರಬಾರದು. ಹೊರದೇಶದ ಮಾರಾಟಕ್ಕೆ ಈ ಮಿತಿ ಮರ ಮತ್ತು ಬಳ್ಳಿ ಬೆಳೆಗಳಲ್ಲಿ ಆರು ವರ್ಷ, ಉಳಿದವುಗಳಲ್ಲಿ ನಾಲ್ಕು ವರ್ಷ. ಎಣ್ಮಕಜೆಯ ಒಬ್ಬ ಕೃಷಿಕರು ತಮ್ಮ ಅಡಿಕೆ ಮರಕ್ಕೆ ಹಬ್ಬಿದ ಒಂದು ವಿಶಿಷ್ಟ ಮೆಣಸಿನ ಬಳ್ಳಿಯಿಂದ ಹತ್ತು ವರ್ಷಗಳಿಂದ ಕಾಳು ಮಾರುತ್ತಿದ್ದಾರೆ, ಮೂರು ವರ್ಷಗಳಿಂದ ಬೇರು ಬರಿಸಿದ ಗಿಡಗಳನ್ನೂ ಮಾರುತ್ತಿದ್ದಾರೆ ಎಂದಿಟ್ಟುಕೊಳ್ಳೋಣ. ಅವರು ಹೊಸ ತಳಿಯ ವರ್ಗದಲ್ಲಿ ಅರ್ಜಿ ಹಾಕಿದರೆ ಹೊಸತನದ ಪ್ರಶ್ನೆಯಲ್ಲೇ ಅದು ಬೀಳುವ ಸಾಧ್ಯತೆ ಹೆಚ್ಚು.

ರೈತರ ತಳಿಗೆ ಈ ಹೊಸತನದ ಷರತ್ತಿಲ್ಲ. ರೈತರು ತಮ್ಮ ಹೊಲಗಳಲ್ಲಿ ಪರಂಪರಾಗತವಾಗಿ ಬೆಳೆದು ವಿಕಾಸಗೊಳಿಸಿದ ತಳಿ, ಅಥವಾ ರೈತರಿಗೆ ಸಾಮಾನ್ಯ ತಿಳಿವಳಿಕೆಯಿರುವ ತಳಿಯೊಂದರ ಕಾಡು ಸಂಬಂಧಿ ಇಲ್ಲವೇ ನಾಡತಳಿ ಎಂಬುದು ಕಾಯ್ದೆ ಕೊಡುವ ವ್ಯಾಖ್ಯೆ. ನನ್ನ ತಿಳಿವಳಿಕೆಯ ಮಟ್ಟಿಗೆ ನಮ್ಮ ಜಿಲ್ಲೆಯ ನೂರಕ್ಕೆ ತೊಂಬತ್ತು ಪ್ರಕರಣಗಳಿಗೆ ಹೊಂದುವ ವರ್ಗ ಇದೇ. ಹಾಗೆಂದು ರೈತನಿಗೆ ಹೊಸ ತಳಿಯ ದಾರಿ ಮುಚ್ಚಿದೆಯೆಂದು ಅರ್ಥವಲ್ಲ. 39ನೇ ಕಲಮಿನಂತೆ ಹೊಸ ತಳಿಯನ್ನು ಅಭಿವೃದ್ಧಿಪಡಿಸಿದ ರೈತನಿಗೆ ಯಾವುದೇ ವಿಜ್ಞಾನಿಗೆ ಅಥವಾ ಕಂಪನಿಗೆ ಇರುವಷ್ಟೇ ಹಕ್ಕಿದೆ. ತಾನೇ ಸಂಕರ ಮಾಡಿ, ಇನ್ನೂ ಯಾರಿಗೂ ಮಾರದೆ ಇಟ್ಟುಕೊಂಡವರು ಆ ದಾರಿಯನ್ನು ಹಿಡಿಯಬಹುದು. ಅಂಥವರು ಅರ್ಜಿಗೆ ಮೊದಲು ಗಿಡಗಳನ್ನು ಪರೀಕ್ಷೆಗಾಗಿ ಸಂಶೋಧನಾ ಕೇಂದ್ರಕ್ಕೆ ಕೊಡಬೇಕಾಗಿ ಬಂದರೆ, ಅದು ಪರೀಕ್ಷೆಗಷ್ಟೇ ಕೊಟ್ಟದ್ದು, ಮಾರಾಟವಲ್ಲ ಎಂದು ಬರೆದ ರಸೀದಿಯನ್ನು ಪಡೆದುಕೊಳ್ಳಲಿ. ಮಾರಾಟವಾಗದ ಪ್ರಾಯೋಗಿಕ ಬೆಳೆಯಿಂದ ಹೊಸತನಕ್ಕೆ ಕುಂದು ಬರುವುದಿಲ್ಲ.

ಇಲ್ಲಿ ಒಂದು ಮಾತು ಹೇಳಲೇಬೇಕು. ಒಂದು ಮರ ಎಂದರೆ ತಳಿಯಲ್ಲ. ಅಡಿಕೆಯಲ್ಲಿ ಪರಕೀಯ ಪರಾಗಸ್ಪರ್ಶ ನಡೆಯುವುದರಿಂದ, ಗೊನೆ ತುಂಬಿ ನಿಂತ ಒಂದು ಮರದ ಬೀಜದಡಿಕೆಯಿಂದ ಎಬ್ಬಿಸಿದ ಸಸಿಗಳು ತಾಯಿಯನ್ನೇ ಹೋಲುತ್ತವೆಂಬ ಖಾತರಿಯಿಲ್ಲ. ಸಂತತಿ ಫಲ ಕೊಟ್ಟು, ಅದು ಒಂದೇ ಬಗೆಯಲ್ಲಿದೆಯೆಂದು ಕಾಣುವವರೆಗೆ ಏಕರೂಪತೆಯ ಮಾತೇ ಏಳುವುದಿಲ್ಲ. ಹಲಸು, ಕಾಟುಮಾವು, ಕಾಳುಮೆಣಸುಗಳ ಸ್ಥಿತಿ ಬೇರೆ. ಕಸಿಯಿಂದಲೋ ಬಳ್ಳಿಯ ತುಂಡಿನಿಂದಲೋ ಬೆಳೆಸಿದಾಗ ತಾಯಿಯ ಗುಣವೇ ಬರುವುದರಿಂದ ಏಕರೂಪತೆಯನ್ನು ತೋರಿಸುವುದು ಸುಲಭ. ಭತ್ತದಲ್ಲಿ ಸ್ವಕೀಯ ಪರಾಗಸ್ಪರ್ಶ ಇರುವುದರಿಂದ ಶ್ರದ್ಧೆಯಿಂದ ಆರಿಸಿದರೆ ಕೆಲವು ಬೆಳೆಗಳಲ್ಲೇ ತಳಿ ಶುದ್ಧವಾಗುತ್ತದೆ.

ಎರಡನೆಯ ಹಂತ: ಬೆಳೆ ಪಟ್ಟಿಯಲ್ಲಿದೆಯೇ ಎಂದು ನೋಡುವುದು

ಕೇಂದ್ರ ಸರಕಾರ ಗೆಜೆಟಿನಲ್ಲಿ ಅಧಿಸೂಚಿಸಿದ ಬೆಳೆಗಳ ತಳಿಗಳನ್ನು ಮಾತ್ರ ನೋಂದಾಯಿಸಬಹುದು. ಭತ್ತ, ತೆಂಗು, ಕಾಳುಮೆಣಸು, ಏಲಕ್ಕಿ, ಶುಂಠಿ, ಅರಿಶಿನ, ಮಾವು ಮುಂತಾದವು ಈ ಪಟ್ಟಿಯಲ್ಲಿವೆ. ಪಟ್ಟಿ ಕಾಲಕಾಲಕ್ಕೆ ಬೆಳೆಯುತ್ತಿರುವುದರಿಂದ ನಿಮ್ಮ ಬೆಳೆಯ ಹೆಸರನ್ನೂ, ಆ ಬೆಳೆಯಲ್ಲಿ ರೈತರ ತಳಿಯ ಅರ್ಜಿಗೆ ನಿಗದಿಯಾದ ಕಾಲಮಿತಿಯನ್ನೂ ಪ್ರಾಧಿಕಾರದ ಜಾಲತಾಣದಲ್ಲಿ ಅಥವಾ ಶಿವಮೊಗ್ಗದ ಶಾಖಾ ಕಚೇರಿಯಲ್ಲಿ ಮೊದಲೇ ವಿಚಾರಿಸಿಕೊಳ್ಳುವುದು ಕ್ಷೇಮ. ಬೆಳೆ ಪಟ್ಟಿಯಲ್ಲಿ ಇಲ್ಲದಿದ್ದರೆ ದಾಖಲೆ ಕಟ್ಟುವ ಕೆಲಸವನ್ನು ನಿಲ್ಲಿಸಬೇಡಿ. ಪಂಚಾಯತಿನ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ತಳಿಯ ವಿವರವನ್ನು ಸೇರಿಸಿಕೊಳ್ಳಿ. ಅಪೂರ್ವ ಗುಣವಿದ್ದರೆ ದೆಹಲಿಯ ರಾಷ್ಟ್ರೀಯ ಸಸ್ಯ ತಳಿ ಸಂಪನ್ಮೂಲ ಬ್ಯೂರೋದಲ್ಲಿ ಅದನ್ನು ವಂಶದ್ರವ್ಯವಾಗಿ, ಅಂದರೆ ಮುಂದಿನ ತಳಿಗಳನ್ನು ರೂಪಿಸಲು ಮೂಲವಾಗುವ ಸಸ್ಯಸಾಮಗ್ರಿಯಾಗಿ, ನೋಂದಾಯಿಸುವ ದಾರಿಯೂ ಇದೆ. ಇವು ಮಾರಾಟದ ಹಕ್ಕನ್ನು ಕೊಡುವುದಿಲ್ಲ, ಆದರೆ ತಳಿ ಎಲ್ಲಿಂದ ಬಂತು ಎಂಬುದಕ್ಕೆ ತಾರೀಕು ಸಹಿತ ಸಾಕ್ಷಿಯಾಗುತ್ತವೆ.

ಭೌಗೋಳಿಕ ಸೂಚಕವೆಂಬ ಜಿ.ಐ. ಟ್ಯಾಗಿನೊಂದಿಗೆ ಇದನ್ನು ಬೆರೆಸಬಾರದು. ಕಣ್ಣೂರು, ಕೋಝಿಕ್ಕೋಡ್ ಮತ್ತು ಕಾಸರಗೋಡು ಜಿಲ್ಲೆಗಳ ಉಪ್ಪುನೀರ ಗದ್ದೆಗಳ ಕೈಪಾಡ್ ಅಕ್ಕಿಗೆ ಆ ಮಾನ್ಯತೆಯಿದೆ. ಅದು ಒಂದು ಪ್ರದೇಶದ ಉತ್ಪನ್ನದ ಹೆಸರಿಗೆ ಸಿಗುವ ರಕ್ಷಣೆ, ಅದರ ಫಲ ಆ ಪ್ರದೇಶದ ಬೆಳೆಗಾರರೆಲ್ಲರಿಗೆ. ತಳಿ ನೋಂದಣಿಯಲ್ಲಿ ರಕ್ಷಣೆ ಸಿಗುವುದು ಗಿಡಕ್ಕೆ ಮತ್ತು ಅದರ ಬೀಜಕ್ಕೆ.

ಮೂರನೆಯ ಹಂತ: ಗದ್ದೆಯಲ್ಲಿ ದಾಖಲೆ ಕಟ್ಟುವುದು

ನನ್ನ ದೃಷ್ಟಿಯಲ್ಲಿ ಇಡೀ ಪ್ರಕ್ರಿಯೆಯ ಜೀವಾಳ ಇಲ್ಲಿದೆ. ಫಾರಂ ತುಂಬುವುದನ್ನು ಯಾರಾದರೂ ಮಾಡಿಕೊಡುತ್ತಾರೆ. ತಳಿಯ ಲಕ್ಷಣಗಳನ್ನು ಬೆಳೆದವರೇ ನೋಡಿ ಬರೆಯಬೇಕು. "ಒಳ್ಳೆ ಇಳುವರಿ, ರುಚಿ ಜಾಸ್ತಿ, ರೋಗ ಕಡಿಮೆ" ಎಂಬ ವಿವರಣೆಗೆ ಪರೀಕ್ಷಕರ ಮುಂದೆ ಬೆಲೆಯಿಲ್ಲ. ಪರೀಕ್ಷಕರು ಕೇಳುವುದು ಕಣ್ಣಿಗೆ ಕಾಣುವ, ಅಳೆಯಬಹುದಾದ ಗುರುತುಗಳನ್ನು.

ಪ್ರತಿ ಬೆಳೆಗೂ ಪ್ರಾಧಿಕಾರ ಭಿನ್ನತೆ, ಏಕರೂಪತೆ, ಸ್ಥಿರತೆಗಳ ಪರೀಕ್ಷಾ ಮಾರ್ಗಸೂಚಿಯನ್ನು ಪ್ರಕಟಿಸಿದೆ, ಇದನ್ನು ಡಿ.ಯು.ಎಸ್. ಮಾರ್ಗಸೂಚಿ ಎನ್ನುತ್ತಾರೆ. ಭತ್ತದ ಮಾರ್ಗಸೂಚಿಯನ್ನೇ ತೆಗೆದುಕೊಂಡರೆ ಅದರಲ್ಲಿ ಅರುವತ್ತಕ್ಕೂ ಹೆಚ್ಚು ಲಕ್ಷಣಗಳಿವೆ. ಬುಡದ ಎಲೆಯ ತೊಟ್ಟುಕವಚ ಹಸಿರೋ ನೇರಳೆಯೋ, ಎಲೆಯ ಮೇಲೆ ರೋಮವಿದೆಯೋ ಇಲ್ಲವೋ, ಎಲೆಯ ಬುಡದಲ್ಲಿ ಕಾಂಡಕ್ಕೆ ಅಂಟಿಕೊಂಡಿರುವ ತೆಳು ಪೊರೆಯ ಆಕಾರವೇನು, ಅರ್ಧದಷ್ಟು ಗಿಡಗಳಲ್ಲಿ ತೆನೆ ಹೊರಬರಲು ಬಿತ್ತಿದಂದಿನಿಂದ ಎಷ್ಟು ದಿನ, ಹೂವಿನ ಶಲಾಕೆಯ ತುದಿ ಬಿಳಿಯೋ ಹಳದಿಯೋ ನೇರಳೆಯೋ, ಭತ್ತಕ್ಕೆ ಮೀಸೆಯಿದೆಯೇ, ಇದ್ದರೆ ತೆನೆಯ ತುದಿಯಲ್ಲಿ ಮಾತ್ರವೋ ಉದ್ದಕ್ಕೂ ಇದೆಯೋ, ಸಾವಿರ ಕಾಳಿನ ತೂಕವೆಷ್ಟು, ಹೊಟ್ಟು ತೆಗೆದ ಅಕ್ಕಿಯ ಉದ್ದ, ಅಗಲ, ಬಣ್ಣ ಮತ್ತು ಪರಿಮಳ ಹೇಗೆ ಎಂಬಿತ್ಯಾದಿ. ಹೂವಿನ ಬಣ್ಣವನ್ನು ಬೆಳಗ್ಗೆ ಹೂ ಅರಳಿದ ಹೊತ್ತಿನಲ್ಲಿ ಕೈಮಸೂರ ಹಿಡಿದು ನೋಡಬೇಕಾಗುತ್ತದೆ. ಕೊಯ್ಲಿನ ನಂತರ ನೆನಪಿನಿಂದ ಬರೆಯುವ ವಿವರ ಇದಲ್ಲ. ಕಾಳುಮೆಣಸಿನಲ್ಲಿ ಬುಡದಿಂದ ನೆಲದ ಮೇಲೆ ಹರಿಯುವ ಹಂಬಿನ ಎಳೆಯ ತುದಿಯ ಬಣ್ಣ, ಎಲೆಯ ಆಕಾರ ಮತ್ತು ಎಲೆಬುಡದ ವಿನ್ಯಾಸ, ಪಕ್ಕದ ರೆಂಬೆಗಳು ಅಡ್ಡಕ್ಕೆ ಚಾಚುತ್ತವೆಯೋ ಜೋತುಬೀಳುತ್ತವೆಯೋ, ತೆನೆಯ ಉದ್ದ, ಕಾಳು ಕಟ್ಟಿದ ಒತ್ತು ಇವೆಲ್ಲ ಲೆಕ್ಕಕ್ಕೆ ಬರುತ್ತವೆ.

ಇದಕ್ಕಾಗಿ ಒಂದು ದಪ್ಪ ರಟ್ಟಿನ ನೋಟುಪುಸ್ತಕವನ್ನು ಮೀಸಲಿಡಿ. ಬಿತ್ತಿದ, ನೆಟ್ಟ, ತೆನೆ ಬಂದ, ಕೊಯ್ದ ತಾರೀಕುಗಳನ್ನು ಆಯಾ ದಿನವೇ ಬರೆಯಿರಿ; ಏಣೆಲು, ಸುಗ್ಗಿ, ಕೊಳಕೆ ಎಂಬ ಭತ್ತದ ಮೂರು ಹಂಗಾಮುಗಳಲ್ಲಿ ಯಾವ ಬೆಳೆಯೆಂಬುದನ್ನೂ ನಮೂದಿಸಿ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ಫೋಟೊ ತೆಗೆಯಿರಿ. ನಿಮ್ಮ ತಳಿಗೆ ಅತಿ ಹತ್ತಿರದಲ್ಲಿ ಹೋಲುವ ಒಂದೆರಡು ತಳಿಗಳನ್ನು ಅದೇ ಬೈಲಿನಲ್ಲಿ, ಅದೇ ದಿನ, ಅಷ್ಟೇ ಗೊಬ್ಬರ ಕೊಟ್ಟು ಬೆಳೆಯಿರಿ. ಮೆಣಸಾದರೆ ಕರಿಮುಂಡ, ಪನ್ನಿಯೂರು-1 ಇವುಗಳೊಂದಿಗೆ ಹೋಲಿಕೆ ಮಾಡಬಹುದು. ಪಕ್ಕದ ಕಣ್ಣೂರು ಜಿಲ್ಲೆಯ ಪನ್ನಿಯೂರಿನಲ್ಲಿ ರೂಪುಗೊಂಡ ಆ ಸಂಕರ ತಳಿ ನಮ್ಮ ತೋಟಗಳಲ್ಲಿ ಎಲ್ಲೆಡೆ ಇರುವುದರಿಂದ, ನಿಮ್ಮ ಬಳ್ಳಿ ಅದರದೇ ಒಂದು ಗಿಡ ಅಲ್ಲವೆಂದು ಮೊದಲು ನಿಮಗೇ ಖಚಿತವಾಗಬೇಕು. ಭತ್ತದ ಗದ್ದೆಯಲ್ಲಿ ತೆನೆ ಬರುವ ಹೊತ್ತಿಗೆ ಒಂದು ಸುತ್ತು, ಕಾಳು ಬಲಿಯುವಾಗ ಇನ್ನೊಂದು ಸುತ್ತು ತಿರುಗಿ ಎತ್ತರ, ಬಣ್ಣ, ಮೀಸೆಗಳಲ್ಲಿ ಬೇರೆಯಾಗಿ ಕಾಣುವ ಗಿಡಗಳನ್ನು ಬುಡಸಮೇತ ಕಿತ್ತುಹಾಕಿ. ಬೇರೆ ತಳಿಯ ಗದ್ದೆಯಿಂದ ಕನಿಷ್ಠ ಮೂರು ಮೀಟರ್ ದೂರವಿರಲಿ. ಬೀಜದ ಭತ್ತಕ್ಕೆ ನಡುಗದ್ದೆಯ ಆಯ್ದ ತೆನೆಗಳನ್ನಷ್ಟೇ ಕೊಯ್ದು ಬೇರೆಯಾಗಿ ಬಡಿದು, ಬೇರೆಯಾಗಿ ಮುಡಿಕಟ್ಟಿ ಇಡಬೇಕು. ಒಕ್ಕಲಿನ ಅಂಗಳದಲ್ಲೇ ಅರ್ಧ ಕಲಬೆರಕೆ ಆಗುವುದು. ರೈತರ ತಳಿಗಳಿಗೆ ಈ ವಿಚಾರದಲ್ಲಿ ಕಾನೂನು ಸ್ವಲ್ಪ ಉದಾರವಾಗಿದ್ದು, ಬೇರೆ ತಳಿಗಳಿಗೆ ಹೇಳಿದ ಮಿತಿಯ ಎರಡು ಪಟ್ಟಿನಷ್ಟು ಬೆರಕೆ ಗಿಡಗಳಿದ್ದರೂ ಒಪ್ಪಿಕೊಳ್ಳುತ್ತದೆ.

ನಾಲ್ಕನೆಯ ಹಂತ: ತಳಿ ಯಾರದು, ಅದರ ಹೆಸರೇನು

ಕಯಮೆ, ಅತಿಕರಾಯ, ಗಂಧಸಾಲೆಯಂಥ ಭತ್ತಗಳು ಒಂದು ಮನೆಯ ಸ್ವತ್ತಲ್ಲ. ಗಡಿಯ ಈಚೆ ಬೆಳ್ಳೂರು, ಬದಿಯಡ್ಕಗಳಲ್ಲಿ ಬೆಳೆಯುವ ಬೀಜ ಆಚೆ ಪುತ್ತೂರು, ಸುಳ್ಯಗಳಲ್ಲೂ ಇರಬಹುದು. ಅಂಥದ್ದನ್ನು ಒಬ್ಬರು ತಮ್ಮ ಹೆಸರಿನಲ್ಲಿ ನೋಂದಾಯಿಸಲು ಹೊರಡುವುದು ನ್ಯಾಯವೂ ಅಲ್ಲ, ಜಾಣತನವೂ ಅಲ್ಲ. ಆಕ್ಷೇಪ ಬಂದರೆ ಅರ್ಜಿ ನಿಲ್ಲುವುದು ಕಷ್ಟ. ಕಾಯ್ದೆಯ 16ನೇ ಕಲಮಿನಂತೆ ಒಬ್ಬ ರೈತ, ರೈತರ ಗುಂಪು ಅಥವಾ ರೈತ ಸಮುದಾಯ ಅರ್ಜಿ ಹಾಕಬಹುದು. ಹೀಗಾಗಿ ಊರಿನಲ್ಲಿ ಹಂಚಿಹೋಗಿರುವ ತಳಿಗೆ ಬೈಲಿನ ಭತ್ತದ ಕೃಷಿಕರ ಪಾಡಶೇಖರ ಸಮಿತಿಯೋ ಬೀಜ ಉಳಿಸಿದ ಮನೆಯವರೆಲ್ಲ ಸೇರಿದ ಒಂದು ಗುಂಪೋ ಠರಾವು ಬರೆದು, ಒಬ್ಬರಿಗೆ ಸಹಿ ಹಾಕುವ ಅಧಿಕಾರ ಕೊಟ್ಟು ಮುಂದುವರಿಯುವುದು ಸರಿಯಾದ ಕ್ರಮ. ನಿಮ್ಮ ತೋಟದಲ್ಲೇ ಹುಟ್ಟಿ ನೀವೇ ಆರಿಸಿ ಬೆಳೆಸಿದ ಮರದ ಅಥವಾ ಬಳ್ಳಿಯ ವಿಷಯದಲ್ಲಿ ವೈಯಕ್ತಿಕ ಅರ್ಜಿಗೆ ಅಡ್ಡಿಯಿಲ್ಲ. ಮನೆಯಲ್ಲಿ ಬೀಜದ ಆಯ್ಕೆ ಮತ್ತು ಶೇಖರಣೆಯನ್ನು ನೋಡಿಕೊಂಡವರು ಹೆಂಗಸರಾಗಿದ್ದರೆ ಅವರ ಹೆಸರೂ ಅರ್ಜಿಯಲ್ಲಿರಲಿ. ಜಾಗದ ಪಟ್ಟೆ ಯಾರ ಹೆಸರಿನಲ್ಲಿದೆ ಎಂಬುದಕ್ಕೂ ತಳಿ ಯಾರದೆಂಬುದಕ್ಕೂ ಸಂಬಂಧವಿಲ್ಲ.

ಹೆಸರಿನ ಆಯ್ಕೆಗೂ ನಿಯಮಗಳಿವೆ. ಬರೀ ಅಂಕಿಗಳ ಹೆಸರು ಸಲ್ಲದು, ಗುಣದ ಬಗ್ಗೆ ದಾರಿತಪ್ಪಿಸಬಾರದು, ಅದೇ ಜಾತಿಯ ಮತ್ತೊಂದು ತಳಿಗೆ ಈಗಾಗಲೇ ಇರುವ ಹೆಸರಾಗಬಾರದು. ನಮ್ಮ ಜಿಲ್ಲೆಯಲ್ಲಿ ಒಂದೇ ತಳಿಗೆ ಕನ್ನಡದಲ್ಲೊಂದು, ತುಳುವಿನಲ್ಲೊಂದು, ಮಲೆಯಾಳದಲ್ಲೊಂದು ಹೆಸರಿರುವುದುಂಟು. ಒಂದನ್ನು ಆರಿಸಿ, ಇಂಗ್ಲಿಷಿನಲ್ಲಿ ಅದರ ಕಾಗುಣಿತವನ್ನು ನಿಶ್ಚಯಿಸಿ, ಕೃಷಿಭವನದ ಪತ್ರದಿಂದ ಹಿಡಿದು ಬೀಜದ ಪೊಟ್ಟಣದವರೆಗೆ ಅದನ್ನೇ ಬಳಸಿ. ಒಂದಕ್ಷರದ ವ್ಯತ್ಯಾಸಕ್ಕೂ ಕಡತ ವಾಪಸು ಬರಬಹುದು.

ಐದನೆಯ ಹಂತ: ಅರ್ಜಿ ಮತ್ತು ದೃಢೀಕರಣ

ರೈತರ ತಳಿಯ ಅರ್ಜಿ ಸರಳವಾದದ್ದು. ಹೊಸ ತಳಿಯ ಅರ್ಜಿದಾರ ಪೋಷಕ ತಳಿಗಳ ಪೂರ್ಣ ಪೂರ್ವೇತಿಹಾಸವನ್ನು, ಆ ವಂಶದ್ರವ್ಯ ಭಾರತದ ಯಾವ ಪ್ರದೇಶದಿಂದ ಬಂತು, ಅದರಲ್ಲಿ ಯಾವ ರೈತರ ಅಥವಾ ಊರಿನ ಕೊಡುಗೆಯಿದೆ ಎಂಬ ವಿವರವನ್ನು, ಮುಂದಿನ ಪೀಳಿಗೆಯ ಬೀಜ ಮೊಳೆಯದಂತೆ ಮಾಡುವ ಟರ್ಮಿನೇಟರ್ ತಂತ್ರಜ್ಞಾನ ಬಳಸಿಲ್ಲವೆಂಬ ಅಫಿಡವಿಟನ್ನು ಕೊಡಬೇಕು. ರೈತರ ತಳಿಗೆ ಇವುಗಳಲ್ಲಿ ಹೆಚ್ಚಿನವುಗಳಿಂದ ವಿನಾಯಿತಿಯಿದೆ. ಮೂಲ ಬೀಜ ಅಥವಾ ಗಿಡ ನ್ಯಾಯಬದ್ಧವಾಗಿ ಬಂದದ್ದೆಂಬ ಘೋಷಣೆ ಮಾತ್ರ ಅಗತ್ಯ. ತಳಿಯ ಲಕ್ಷಣ, ಬೆಳೆಯುವ ಊರು, ಎಷ್ಟು ಕಾಲದಿಂದ ಬೆಳೆಯುತ್ತಿದ್ದೀರಿ, ಹೋಲುವ ತಳಿ ಯಾವುದು, ಅದಕ್ಕಿಂತ ಇದು ಹೇಗೆ ಭಿನ್ನ ಎಂಬುದನ್ನು ತುಂಬಬೇಕು. ನೋಟುಪುಸ್ತಕ ಸರಿಯಾಗಿದ್ದರೆ ಇದು ಒಂದು ಮಧ್ಯಾಹ್ನದ ಕೆಲಸ.

ಅರ್ಜಿಯೊಂದಿಗಿನ ಅನುಬಂಧಕ್ಕೆ ಅಧಿಕೃತ ದೃಢೀಕರಣ ಬೇಕು. ಪಂಚಾಯತಿನ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಅಧ್ಯಕ್ಷರು ಅಥವಾ ಕಾರ್ಯದರ್ಶಿ, ಜಿಲ್ಲಾ ಕೃಷಿ ಅಧಿಕಾರಿ, ರಾಜ್ಯ ಕೃಷಿ ವಿಶ್ವವಿದ್ಯಾನಿಲಯದ ಸಂಶೋಧನಾ ನಿರ್ದೇಶಕರು, ಜಿಲ್ಲಾ ಬುಡಕಟ್ಟು ಅಭಿವೃದ್ಧಿ ಅಧಿಕಾರಿ ಇವರಲ್ಲಿ ಒಬ್ಬರು ಸಹಿ ಹಾಕಿದರೆ ಸಾಕು. ಪಂಚಾಯತು ಸಮಿತಿಯ ಮೂಲಕ ಹೋಗುವುದು ಹತ್ತಿರದ ದಾರಿ. ಸಮಿತಿಗೆ ಕೊಡುವ ಮನವಿಯನ್ನು ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸೌಲಭ್ಯವನ್ನು ಬಳಸಿಕೊಂಡು ಕನ್ನಡದಲ್ಲೇ ಕೊಡಬಹುದಾದರೂ, ಕಡತ ಮುಂದೆ ಸಾಗುವುದು ರಾಜ್ಯದ ಹೊರಗಿನ ಕಚೇರಿಗೆ ಎಂಬುದನ್ನು ನೆನಪಿನಲ್ಲಿಟ್ಟು, ಬರೀ ಮಲೆಯಾಳದಲ್ಲೋ ಕನ್ನಡದಲ್ಲೋ ಇರುವ ಠರಾವು, ದೃಢಪತ್ರಗಳ ಜೊತೆಗೆ ಇಂಗ್ಲಿಷ್ ಪ್ರತಿಯೊಂದನ್ನು ಅದೇ ಅಧಿಕಾರಿಯ ಮುದ್ರೆಯೊಂದಿಗೆ ಸೇರಿಸಿದರೆ ಕಾಲ ಉಳಿಯುತ್ತದೆ. ತಾಂತ್ರಿಕ ವಿವರಗಳಿಗೆ ಕೂಡ್ಲಿನ ಸಿ.ಪಿ.ಸಿ.ಆರ್.ಐ. (ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ) ಆಶ್ರಯದ ಕೃಷಿ ವಿಜ್ಞಾನ ಕೇಂದ್ರ, ಪಿಲಿಕ್ಕೋಡಿನ ಪ್ರಾದೇಶಿಕ ಕೃಷಿ ಸಂಶೋಧನಾ ಕೇಂದ್ರ, ಪಡನ್ನಕ್ಕಾಡಿನ ಕೃಷಿ ಕಾಲೇಜುಗಳನ್ನು ವಿಚಾರಿಸಬಹುದು.

ಅರ್ಜಿಯನ್ನು ದೆಹಲಿಯ ರಿಜಿಸ್ಟ್ರಾರ್ ಕಚೇರಿಗೆ ಅಥವಾ ಶಿವಮೊಗ್ಗದ ಶಾಖಾ ಕಚೇರಿಯ ಮೂಲಕ ಸಲ್ಲಿಸಬಹುದು. 44ನೇ ಕಲಮಿನಂತೆ ರೈತ, ರೈತರ ಗುಂಪು ಅಥವಾ ಗ್ರಾಮ ಸಮುದಾಯ ಈ ಕಾಯ್ದೆಯ ಯಾವ ವಿಚಾರಣೆಯಲ್ಲೂ ಶುಲ್ಕ ಕೊಡಬೇಕಾಗಿಲ್ಲ. "ನೋಂದಣಿ ಮಾಡಿಸಿಕೊಡುತ್ತೇನೆ, ಸರಕಾರಿ ಫೀಸು ಇಷ್ಟಾಗುತ್ತದೆ" ಎಂದು ಯಾರಾದರೂ ಹಣ ಕೇಳಿದರೆ ಈ ಕಲಮನ್ನು ತೋರಿಸಿ. ಸಲ್ಲಿಸಿದ ಎಲ್ಲದರ ಒಂದು ಪ್ರತಿ, ಸ್ವೀಕೃತಿ ಪತ್ರ ಮತ್ತು ಅದರ ಮೇಲಿನ ಸಂಖ್ಯೆ ನಿಮ್ಮಲ್ಲಿರಬೇಕು.

ಆರನೆಯ ಹಂತ: ಬೀಜ ಸಲ್ಲಿಕೆ ಮತ್ತು ಪರೀಕ್ಷೆ

ಪ್ರಾಧಿಕಾರ ಕೇಳಿದಾಗ ಬೀಜ ಕಳುಹಿಸಬೇಕು. ರೈತರ ತಳಿಗೆ ಬೇರೆ ವರ್ಗಗಳ ಅರ್ಧದಷ್ಟು ಪ್ರಮಾಣ ಸಾಕು. ಬೀಜಕ್ಕೆ ಯಾವ ಔಷಧಿಯನ್ನೂ ಸವರಿರಬಾರದು. ಚೆನ್ನಾಗಿ ಒಣಗಿ, ಮೊಳಕೆ ಸಾಮರ್ಥ್ಯ ಉಳಿಸಿಕೊಂಡಿರಬೇಕು. ನಮ್ಮ ಮಳೆಗಾಲದಲ್ಲಿ ಬೀಜ ಮತ್ತೆ ತೇವ ಹೀರುವುದರಿಂದ ಕಳುಹಿಸುವ ಮುನ್ನ ನೂರು ಕಾಳನ್ನು ಒದ್ದೆಬಟ್ಟೆಯಲ್ಲಿ ಕಟ್ಟಿ ಮೊಳಕೆ ಎಣಿಸಿ ನೋಡುವುದು ಒಳ್ಳೆಯದು. ಹೊಸ ತಳಿಗಳನ್ನು ಎರಡು ಸ್ಥಳಗಳಲ್ಲಿ ಎರಡು ಸಮಾನ ಋತುಗಳಲ್ಲಿ ಬೆಳೆದು ಪರೀಕ್ಷಿಸುತ್ತಾರೆ. ಮಸಾಲೆ ಬೆಳೆಗಳ ಪರೀಕ್ಷೆಗೆ ಕೋಝಿಕ್ಕೋಡಿನ ಭಾರತೀಯ ಮಸಾಲೆ ಬೆಳೆಗಳ ಸಂಶೋಧನಾ ಸಂಸ್ಥೆ, ತೆಂಗಿಗೆ ಕಾಸರಗೋಡಿನ ಸಿ.ಪಿ.ಸಿ.ಆರ್.ಐ. ಕೇಂದ್ರಗಳಾಗಿರುವುದು ನಮಗೆ ಅನುಕೂಲ. ಮರದ ಬೆಳೆಗಳಲ್ಲಿ ಪರೀಕ್ಷಕರು ತೋಟಕ್ಕೇ ಬಂದು ನೋಡುವ ಕ್ರಮವಿದೆ. ಅವರು ಬರುವಾಗ ತಾಯಿಮರದ ಜೊತೆಗೆ ಅದರಿಂದ ಕಸಿಮಾಡಿದ, ಫಲ ಕೊಡುವ ಗಿಡಗಳೂ ಗುರುತುಪಟ್ಟಿಯೊಂದಿಗೆ ಸಿದ್ಧವಿರಬೇಕು.

ಏಳನೆಯ ಹಂತ: ಪ್ರಕಟಣೆ, ಆಕ್ಷೇಪ, ಪ್ರಮಾಣಪತ್ರ

ಅರ್ಜಿ ಒಪ್ಪಿಗೆಯಾದರೆ ಅದರ ವಿವರ ಭಾರತೀಯ ಸಸ್ಯ ತಳಿ ಜರ್ನಲಿನಲ್ಲಿ ಪ್ರಕಟವಾಗುತ್ತದೆ. ಪ್ರಕಟವಾದಂದಿನಿಂದ ಮೂರು ತಿಂಗಳೊಳಗೆ ಯಾರು ಬೇಕಾದರೂ ಆಕ್ಷೇಪಿಸಬಹುದು. ಆಕ್ಷೇಪದ ಪ್ರತಿ ಕೈಸೇರಿದ ಎರಡು ತಿಂಗಳೊಳಗೆ ಉತ್ತರ ಕೊಡದಿದ್ದರೆ ಅರ್ಜಿಯನ್ನು ನೀವೇ ಕೈಬಿಟ್ಟಂತೆ ಪರಿಗಣಿಸಲಾಗುತ್ತದೆ. ಆದುದರಿಂದ ಅರ್ಜಿಯಲ್ಲಿ ಕೊಟ್ಟ ವಿಳಾಸಕ್ಕೆ ಬರುವ ಅಂಚೆಯನ್ನು ಒಡೆದು ನೋಡುವವರು ಮನೆಯಲ್ಲಿರಬೇಕು. ಇದೇ ಜರ್ನಲನ್ನು ಇನ್ನೊಂದು ಕಾರಣಕ್ಕೂ ಓದಬೇಕು. ನಮ್ಮ ಊರಿನ ಬೀಜವನ್ನು ಬೇರೆ ಯಾರಾದರೂ ತಮ್ಮದೆಂದು ಹಾಕಿದ್ದರೆ ಆಕ್ಷೇಪಿಸಲು ಸಿಗುವ ಅವಕಾಶವೂ ಇದೇ ಮೂರು ತಿಂಗಳು.

ನೋಂದಣಿಯ ಅವಧಿ ಮರ ಮತ್ತು ಬಳ್ಳಿ ಬೆಳೆಗಳಿಗೆ ಮೊದಲು ಒಂಬತ್ತು ವರ್ಷ, ನವೀಕರಿಸಿದರೆ ಒಟ್ಟು ಹದಿನೆಂಟು. ಇತರ ಬೆಳೆಗಳಿಗೆ ಮೊದಲು ಆರು, ಒಟ್ಟು ಹದಿನೈದು. ನವೀಕರಣದ ತಾರೀಕನ್ನು ಪ್ರಮಾಣಪತ್ರದ ಹಿಂಬದಿಯಲ್ಲಿ ಬರೆದಿಟ್ಟುಕೊಳ್ಳಿ.

ಪ್ರಮಾಣಪತ್ರದಿಂದ ಏನು ಸಿಗುತ್ತದೆ

ತಳಿಯ ಬೀಜ ಅಥವಾ ಗಿಡಗಳನ್ನು ಉತ್ಪಾದಿಸುವ, ಮಾರುವ, ವಿತರಿಸುವ, ಆಮದು–ರಫ್ತು ಮಾಡುವ ವಿಶೇಷ ಹಕ್ಕು ನಿಮ್ಮದಾಗುತ್ತದೆ. ನರ್ಸರಿಯೊಂದಕ್ಕೆ ಲೈಸೆನ್ಸ್ ಕೊಟ್ಟು ಗಿಡವೊಂದಕ್ಕೆ ಇಷ್ಟೆಂದು ರಾಯಧನ ಪಡೆಯಬಹುದು. ತುಮಕೂರು ಜಿಲ್ಲೆಯ 'ಸಿದ್ದು' ಹಲಸಿನ ವಿಷಯದಲ್ಲಿ ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಮರದ ಒಡೆಯರೊಂದಿಗೆ 2017ರಲ್ಲಿ ಒಪ್ಪಂದ ಮಾಡಿಕೊಂಡಾಗ ಗಿಡ ಮಾರಾಟದ ಹಣದ ಮುಕ್ಕಾಲು ಪಾಲು ರೈತನಿಗೆಂದು ನಿಗದಿಯಾಗಿತ್ತು. ಲೈಸೆನ್ಸ್ ಮಾತುಕತೆಗೆ ಕೂರುವವರು ಈ ಪ್ರಮಾಣವನ್ನು ತಿಳಿದಿರಬೇಕು. ಕಂಪನಿಯೊಂದು ನಿಮ್ಮ ನೋಂದಾಯಿತ ತಳಿಯಿಂದ ಅದರ ಮುಖ್ಯ ಗುಣಗಳನ್ನೇ ಹೊತ್ತ ಮತ್ತೊಂದು ತಳಿಯನ್ನು ತಯಾರಿಸಿದರೆ, ಅದಕ್ಕೆ ಅನುಮತಿ ಕೊಡುವಲ್ಲಿ ತಳಿಯನ್ನು ಉಳಿಸಿದ, ಬೆಳೆಸಿದ ರೈತರ ಒಪ್ಪಿಗೆ ಬೇಕೆಂದು 43ನೇ ಕಲಂ ಹೇಳುತ್ತದೆ.

ತಡೆಯಲಾಗದ ಸಂಗತಿಗಳೂ ಇವೆ. ಸಂಶೋಧಕರು ಪ್ರಯೋಗಕ್ಕಾಗಿ ನಿಮ್ಮ ತಳಿಯನ್ನು ಬಳಸಬಹುದು. ಪಕ್ಕದ ಮನೆಯ ಕೃಷಿಕ ಬೀಜ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ವಿನಿಮಯ ಮಾಡಿಕೊಳ್ಳಬಹುದು, ಮಾರಲೂಬಹುದು. ನೋಂದಾಯಿತ ತಳಿಯೆಂಬ ಲೇಬಲ್ ಹಚ್ಚಿದ ಬ್ರಾಂಡೆಡ್ ಬೀಜವಾಗಿ ಮಾತ್ರ ಮಾರುವಂತಿಲ್ಲ. ಈ ಹಕ್ಕು ಎಷ್ಟು ತೂಕದ್ದೆಂದು ಗೊತ್ತಾದದ್ದು 2019ರಲ್ಲಿ. ಎಫ್.ಎಲ್. 2027 ಎಂಬ ಆಲೂಗಡ್ಡೆ ತಳಿಯನ್ನು ಅನುಮತಿಯಿಲ್ಲದೆ ಬೆಳೆದರೆಂದು ಪೆಪ್ಸಿಕೋ ಕಂಪನಿ ಗುಜರಾತಿನ ರೈತರ ಮೇಲೆ ದಾವೆ ಹೂಡಿ ಕೆಲವರಿಂದ ತಲಾ ಒಂದು ಕೋಟಿಗೂ ಮೀರಿದ ಪರಿಹಾರ ಕೇಳಿತು. ವ್ಯಾಪಕ ವಿರೋಧದ ನಂತರ ಅದೇ ವರ್ಷ ಮೇ ತಿಂಗಳಲ್ಲಿ ದಾವೆಗಳನ್ನು ಹಿಂತೆಗೆಯಿತು. 2021ರ ಡಿಸೆಂಬರಿನಲ್ಲಿ ಪ್ರಾಧಿಕಾರ ಆ ನೋಂದಣಿಯನ್ನೇ ರದ್ದುಗೊಳಿಸಿತಾದರೂ 2024ರ ಜನವರಿಯಲ್ಲಿ ದೆಹಲಿ ಹೈಕೋರ್ಟಿನ ವಿಭಾಗೀಯ ಪೀಠ ಆ ಆದೇಶವನ್ನು ತಳ್ಳಿಹಾಕಿತು. ನೋಂದಣಿ ಮಾಡಿಸಿದ ನಾವೂ ನೆರೆಯವನ ಈ ಹಕ್ಕನ್ನು ಗೌರವಿಸಬೇಕಾಗುತ್ತದೆ.

ತಳಿಯನ್ನು ಸೃಷ್ಟಿಸದೆ ಉಳಿಸಿದವರಿಗೂ ಕಾಯ್ದೆಯಲ್ಲಿ ಸ್ಥಾನವಿದೆ. ಬೆಳ್ಳೂರು ಪಂಚಾಯತಿನ ಬೇಳೇರಿಯ ಸತ್ಯನಾರಾಯಣ ಅವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಸಂರಕ್ಷಿಸಿದ್ದಕ್ಕಾಗಿ 2024ರಲ್ಲಿ ಪದ್ಮಶ್ರೀ ಪಡೆದದ್ದನ್ನು ನಾವೆಲ್ಲ ಬಲ್ಲೆವು. ಸಂರಕ್ಷಕರಿಗೆಂದೇ ಪ್ರಾಧಿಕಾರ ರಾಷ್ಟ್ರೀಯ ಜೀನ್ ನಿಧಿಯಿಂದ ಪ್ಲಾಂಟ್ ಜೀನೋಮ್ ಸೇವಿಯರ್ ಪುರಸ್ಕಾರಗಳನ್ನು ಕೊಡುತ್ತದೆ. ಸಮುದಾಯಕ್ಕೆ ಹತ್ತು ಲಕ್ಷ ರೂಪಾಯಿ, ವೈಯಕ್ತಿಕವಾಗಿ ರೈತರಿಗೆ ಒಂದೂವರೆ ಲಕ್ಷ ಮತ್ತು ಒಂದು ಲಕ್ಷದ ಎರಡು ವಿಭಾಗಗಳಿವೆ. ಮೂರನೆಯ ಹಂತದಲ್ಲಿ ಹೇಳಿದ ನೋಟುಪುಸ್ತಕ ಈ ಅರ್ಜಿಗೂ ಆಧಾರವಾಗುತ್ತದೆ.

ಉಲ್ಲಂಘನೆಯಾದರೆ

ನರ್ಸರಿಯೋ ಬೀಜದಂಗಡಿಯೋ ಅನುಮತಿಯಿಲ್ಲದೆ ನಿಮ್ಮ ತಳಿಯನ್ನು ಮಾರಿದರೆ, ಅಥವಾ ನಿಮ್ಮ ತಳಿಯ ಹೆಸರನ್ನೇ ಹೋಲುವ ಹೆಸರಿನಲ್ಲಿ ಬೇರೇನನ್ನೋ ಮಾರಿದರೆ ಅದು ಉಲ್ಲಂಘನೆ. ದಾವೆಯನ್ನು ಜಿಲ್ಲಾ ನ್ಯಾಯಾಲಯಕ್ಕಿಂತ ಕೆಳಗಿನ ಕೋರ್ಟಿನಲ್ಲಿ ಹೂಡಲಾಗದು. ನಮ್ಮವರಿಗೆ ವಿದ್ಯಾನಗರದ ಜಿಲ್ಲಾ ನ್ಯಾಯಾಲಯ. ತಡೆಯಾಜ್ಞೆಯನ್ನೂ, ನಷ್ಟಪರಿಹಾರ ಅಥವಾ ಲಾಭದ ಪಾಲನ್ನೂ ಕೇಳಬಹುದು. ಜಗಳಕ್ಕೆ ಹೋಗುವ ಮೊದಲು ಆ ಅಂಗಡಿಯಿಂದ ತಳಿಯ ಹೆಸರು ಬರೆಸಿದ ಬಿಲ್ಲಿನೊಂದಿಗೆ ಗಿಡ ಖರೀದಿಸಿ, ಲೇಬಲಿನ ಫೋಟೊ ತೆಗೆದು, ಗಿಡವನ್ನು ನಿಮ್ಮ ತಾಯಿಗಿಡದ ಪಕ್ಕದಲ್ಲೇ ಬೆಳೆಸಿ ಲಕ್ಷಣಗಳನ್ನು ಹೋಲಿಸಿ ಬರೆದಿಡಿ. ಎರಡರ ಎಲೆಯ ಮಾದರಿಗಳನ್ನು ಕೃಷಿ ಅಧಿಕಾರಿಯ ಸಮಕ್ಷಮ ಮೊಹರು ಮಾಡಿಸಿ. ಮಾರಿದವನು ಒಬ್ಬ ಸಾಮಾನ್ಯ ಕೃಷಿಕನಾಗಿದ್ದು ಇಂಥದೊಂದು ಹಕ್ಕಿರುವುದೇ ಅವನಿಗೆ ಗೊತ್ತಿರಲಿಲ್ಲವಾದರೆ 42ನೇ ಕಲಂ ಅವನನ್ನು ರಕ್ಷಿಸುತ್ತದೆ. ಅಂಥ ಸಂದರ್ಭದಲ್ಲಿ ಪ್ರಮಾಣಪತ್ರದ ಪ್ರತಿಯೊಂದಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಒಂದು ಪತ್ರ ಕಳುಹಿಸಿ, ಸ್ವೀಕೃತಿ ಚೀಟಿಯನ್ನು ಕಡತದಲ್ಲಿಡಿ. ಆಮೇಲೂ ಮಾರಾಟ ಮುಂದುವರಿದರೆ ಗೊತ್ತಿರಲಿಲ್ಲವೆಂಬ ವಾದ ಅವನಿಗೆ ಉಳಿಯುವುದಿಲ್ಲ.